ಗೆಟ್ ಪುಸ್ತಕದ ಮಹಜರು

ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಹುಚ್ಚರಾಯಪ್ಪ ಮೇಷ್ಟ್ರು ಮೇಜಿನ ಡ್ರಾಯರ್ ಎಳೆದರು. ಡ್ರಾಯರ್ ಖಾಲಿ!

"ಯಮುನಾ! ನನ್ನ ಗೆಟ್ ಎಲ್ಲೇ?"

ರಸ್ತೆಯ ಈಚೆ ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನನಗೆ ಆ ಕೂಗು ಕೇಳಿಸಿತು. ಆನವಟ್ಟಿಯ ನಮ್ಮ ಬೀದಿಯ ಅಗಲ ಹದಿನೆಂಟು ಅಡಿ. ನಾನೇ ಅಳೆದದ್ದು. ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಗಂಟಲಿಗೆ ಹದಿನೆಂಟು ಅಡಿ ಯಾವ ದೊಡ್ಡ ದೂರ? ಲೋಟ ಕೆಳಗಿಟ್ಟು ಎದ್ದೆ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನನ್ನ ಹೆಂಡತಿ ವನಜಮ್ಮನೂ ಎದ್ದಳು.

ನಾನು ಶಿವರಾಮ, ಸರ್ವೆ ಇಲಾಖೆಯಿಂದ ನಿವೃತ್ತನಾದವನು. ಸೊರಬ ತಾಲೂಕಿನಲ್ಲಿ ನಾನು ಸರಪಳಿ ಎಳೆಯದ ಹೊಲವಿಲ್ಲ. ನಾನು ಜಮೀನು ಅಳೆದೆ, ವನಜ ಮನೆಯಲ್ಲೇ ಕೂತು ಊರಿನ ಹೆಂಗಸರ ರವಿಕೆ ಅಳೆದಳು. ಯಾರ ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಹೋದ ವರ್ಷ ಪಕ್ಕದ ಬೀದಿಯವರ ಬಂಗಾರದ ಓಲೆ ಕಳೆದಾಗ ನಾನು ಎರಡು ದಿನ ತನಿಖೆ ಮಾಡಿದೆ. ಅವಳು ಹತ್ತೇ ನಿಮಿಷದಲ್ಲಿ ದಿಂಬಿನ ಹತ್ತಿಯೊಳಗಿಂದ ತೆಗೆದುಕೊಟ್ಟಳು. ಅದಕ್ಕೇ ಈ ಸಲ ನಾನು ಮೊದಲೇ ಹೊರಟೆ, ಕೈಯಲ್ಲಿ ಅಳತೆಯ ಟೇಪು ಹಿಡಿದು.

"ಟೇಪ್ ಯಾಕ್ರೀ? ಕಳ್ಳನ್ನ ಅಳೀತೀರಾ?" ಎಂದಳು ವನಜ.

"ಸ್ಥಳ ಮಹಜರು ಮಾಡಬೇಕು. ನಿಂಗೆ ಗೊತ್ತಾಗಲ್ಲ, ಸುಮ್ನೆ ಬಾ."

ಕಳೆದದ್ದು ಸಣ್ಣ ವಸ್ತುವಲ್ಲ. ಮೇಷ್ಟ್ರ ಗೆಟ್ ಪುಸ್ತಕ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ನೋಟ್‌ಬುಕ್ಕು. ನಲವತ್ತು ವರ್ಷದಿಂದ ಅದರಲ್ಲಿ ಅವರು ಬರೆದದ್ದು ಇಂಗ್ಲಿಷಿನ ಒಂದೇ ಒಂದು ಪದದ ಬಗ್ಗೆ—ಗೆಟ್. ಒಂದೊಂದು ಪುಟಕ್ಕೆ ಒಂದೊಂದು ಬಳಕೆ. ಎಡಕ್ಕೆ ಇಂಗ್ಲಿಷ್ ವಾಕ್ಯ, ಬಲಕ್ಕೆ ಕನ್ನಡ. ಮೊನ್ನೆಗೆ ನೂರ ಮೂವತ್ತಾರು ಪುಟ ತುಂಬಿತ್ತು. ಬರೆದದ್ದೆಲ್ಲ ಶಾಯಿ ಪೆನ್ನಿನಲ್ಲಿ. ಒಂದು ಸಲ ಹಂಚು ಸೋರಿ ಮೂರು ಪುಟದ ಅಕ್ಷರವೆಲ್ಲ ಹರಡಿಹೋದಾಗ ಮೇಷ್ಟ್ರು ಊಟ ಬಿಟ್ಟಿದ್ದರು. ಯಮುನಮ್ಮ ಒಲೆಯ ಮುಂದೆ ಕೂತು ಒಂದೊಂದೇ ಹಾಳೆ ಒಣಗಿಸಿದ್ದರು.

ಪ್ರತಿ ಭಾನುವಾರ ಮೇಷ್ಟ್ರ ಪಾಠ ನಮ್ಮ ಜಗುಲಿಗೂ ಕೇಳಿಸುತ್ತದೆ.

"ಈ ಪದದ ಮುಖ ನೋಡಿ ಅರ್ಥ ಹೇಳೋಕಾಗಲ್ಲಮ್ಮ. ಪಕ್ಕದಲ್ಲಿ ಯಾರು ಕೂತಿದಾರೆ ನೋಡು. ವಸ್ತು ಕೂತ್ರೆ ಸಿಗೋದು—ಗೆಟ್ ಎ ಲೆಟರ್, ಕಾಗದ ಬಂತು. ಊರು ಕೂತ್ರೆ ತಲುಪೋದು—ಗೆಟ್ ಟು ಸೊರಬ. ಗುಣ ಕೂತ್ರೆ ಆಗೋದು—ಗೆಟ್ ಓಲ್ಡ್, ನನ್ನ ಹಂಗೆ ಮುದುಕ ಆಗೋದು. ವಸ್ತು ಕೂತು, ಅದರ ಪಕ್ಕ ಕ್ರಿಯಾಪದದ ಮೂರನೇ ರೂಪ ಬಂದು ಕೂತ್ರೆ ಬೇರೆಯವರ ಕೈಲಿ ಮಾಡಿಸೋದು—ಗೆಟ್ ಎ ಬ್ಲೌಸ್ ಸ್ಟಿಚ್ಡ್, ಎದುರುಮನೆ ವನಜಮ್ಮನ ಹತ್ರ ರವಿಕೆ ಹೊಲಿಸೋದು!"

ಅದನ್ನು ಕೇಳಿದ ಮೇಲೆ ನನಗೂ ಇಂಗ್ಲಿಷ್ ಮೇಲೆ ಪ್ರೀತಿ ಹುಟ್ಟಿತು. ಚಕ್ಕುಬಂದಿ ಅಂದರೂ ಇದೇ ಅಲ್ಲವೇ? ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ನೋಡಿಯೇ ಹೊಲ ಯಾವುದೆಂದು ಹೇಳುವುದು.

ನಾವು ಹೋಗುವ ಹೊತ್ತಿಗೆ ಮೇಷ್ಟ್ರು ತಲೆಗೆ ಕೈಹೊತ್ತು ಕೂತಿದ್ದರು. ನಿವೃತ್ತ ಡ್ರಿಲ್ ಮಾಸ್ತರ ಸಣ್ಣಬೀರಪ್ಪ ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದ. ಯಮುನಮ್ಮ ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಅದೂ ಬಹಳ ಜೋರಾಗಿ.

"ಕೊನೆಗೆ ನೋಡಿದ್ದು ಯಾವಾಗ ಮೇಷ್ಟ್ರೇ?" ಎಂದೆ.

"ನಿನ್ನೆ ನಾಲ್ಕೂವರೆಗೆ ಶಿವರಾಮಪ್ಪ. ಪಾಠ ಮುಗಿಸಿ ಡ್ರಾಯರಲ್ಲಿ ಇಟ್ಟೆ. ಅಷ್ಟರಲ್ಲಿ ಶಿಕಾರಿಪುರದಿಂದ ಮಹಾಂತೇಶನ ಫೋನು. ಹಿತ್ತಲಿಗೆ ಹೋಗಿ ಮಾತಾಡಿದೆ, ಇಲ್ಲಿ ರಸ್ತೆ ಸದ್ದು ಜಾಸ್ತಿ."

"ಎಷ್ಟು ಹೊತ್ತು?"

"ಕಾಲು ಗಂಟೆ."

"ಆಗ ಇಲ್ಲಿ ಯಾರಿದ್ರು?"

ಮೇಷ್ಟ್ರಿಗಿಂತ ಮೊದಲು ಉತ್ತರ ಸಣ್ಣಬೀರಪ್ಪ ಕೊಟ್ಟ. "ಇನ್ಯಾರು? ಆ ಬಂದಳಿಕೆ ಊರಿನ ಹುಡುಗಿ ರಜನಿ. ಒಬ್ಳೇ ಕೂತಿದ್ಲು. ರಸ್ತೆ ಮೇಲಿಂದ ನಾನೇ ನೋಡಿದೀನಿ."

ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುವ ಸದ್ದು ನಿಂತಿತು.

ರಜನಿಗೆ ಮೂವತ್ತನಾಲ್ಕು. ಗಂಡ ಟ್ರ್ಯಾಕ್ಟರ್ ಓಡಿಸುತ್ತಾನೆ. ಅಂಗನವಾಡಿ ಸಹಾಯಕಿಯಾಗಬೇಕೆಂಬುದು ಅವಳ ಆಸೆ. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಉಳಿದ ವಿಷಯವೆಲ್ಲ ಎಂದೋ ಪಾಸು, ಇಂಗ್ಲಿಷ್ ಒಂದು ಮೂರು ಸಲ ಕೈಕೊಟ್ಟಿದೆ. ಬುಧವಾರ ನಾಲ್ಕನೆಯ ಸಲ ಬರೆಯಬೇಕು. ಈ ಸಲವೂ ತಪ್ಪಿದರೆ ಮುಂದಿನ ಅರ್ಜಿಯ ಹೊತ್ತಿಗೆ ವಯಸ್ಸು ಮೀರುತ್ತದೆ. ವರ್ಷದಿಂದ ಪ್ರತಿ ಭಾನುವಾರ ಸ್ಕೂಟಿಯಲ್ಲಿ ಬಂದು, ಒಂದೊಂದು ಪುಟವನ್ನೂ ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದಳು. ಮೊಬೈಲಿನಲ್ಲಿ ಫೋಟೋ ತೆಗೆಯಲು ಮೇಷ್ಟ್ರು ಬಿಡುವವರಲ್ಲ—ಬರೆದದ್ದೇ ತಲೆಗೆ ಹೋಗೋದು ಎನ್ನುತ್ತಾರೆ.

"ಇನ್ನೂ ನಲವತ್ತು ಪುಟ ಅವಳಿಗೆ ಬಾಕಿ ಇತ್ತು," ಎಂದರು ಮೇಷ್ಟ್ರು ಮೆಲ್ಲಗೆ. "ಇವತ್ತು ಹತ್ತು ಗಂಟೆಗೆ ಮಹಾಂತೇಶ ಬಂದು ಪುಸ್ತಕ ತಗೊಂಡು ಹೋಗ್ತಾನೆ ಅಂತ ನಿನ್ನೆ ಹೇಳಿದ್ದೆ. ಮುಖ ಸಣ್ಣ ಮಾಡ್ಕೊಂಡ್ಳು."

"ನೋಡಿದ್ರಾ!" ಎಂದ ಸಣ್ಣಬೀರಪ್ಪ.

ಮಹಾಂತೇಶ ಮೇಷ್ಟ್ರ ಹಳೆಯ ಶಿಷ್ಯ, ಶಿಕಾರಿಪುರದಲ್ಲಿ ಟ್ಯೂಷನ್ ನಡೆಸುವವನು. ಗೆಟ್ ಪುಸ್ತಕವನ್ನು ಗೈಡ್ ಮಾಡಿ ಅಚ್ಚು ಹಾಕಿಸುತ್ತೇನೆ ಎಂದು ಮೂರು ತಿಂಗಳಿಂದ ಬೆನ್ನು ಹತ್ತಿದ್ದ. ಮೇಲೆ ಅವನ ಫೋಟೋ, ಒಳಗೆಲ್ಲೋ ಮೇಷ್ಟ್ರಿಗೆ ಎರಡು ಸಾಲು ಕೃತಜ್ಞತೆ. ಶಿಷ್ಯರು ಕೇಳಿದರೆ ಇಲ್ಲ ಎನ್ನುವ ನಾಲಿಗೆ ಮೇಷ್ಟ್ರಿಗಿಲ್ಲ. ಮಾತು ಕೊಟ್ಟುಬಿಟ್ಟಿದ್ದರು.

ನಾನು ಮಹಜರು ಶುರು ಮಾಡಿದೆ. ಮೇಜಿನಿಂದ ಬಾಗಿಲಿಗೆ ಏಳು ಅಡಿ. ಡ್ರಾಯರಿಗೆ ಬೀಗವಿಲ್ಲ. ಮಸಿ ಕುಡಿಕೆ ಇದ್ದಲ್ಲೇ ಇದೆ, ವಾಚೂ ಇದೆ, ಹೋದದ್ದು ಪುಸ್ತಕ ಮಾತ್ರ. ದೇವರ ಕೋಣೆ ಮೇಜಿನಿಂದ ಐದು ಅಡಿ—ಅಲ್ಲಿ ದೀಪ, ಊದುಬತ್ತಿ, ತಟ್ಟೆಯಲ್ಲಿ ಅರಿಸಿನ ಕುಂಕುಮ ಹಚ್ಚಿದ ಒಂದು ಜುಟ್ಟಿನ ತೆಂಗಿನಕಾಯಿ. ಎಲ್ಲವನ್ನೂ ಬರೆದುಕೊಂಡೆ. ವನಜ ನನ್ನ ಹಿಂದೆ ಬಂದು, ದೇವರ ಕೋಣೆಗೆ ಇಣುಕಿ, ಕಾಯಿಯನ್ನು ಒಂದು ಕ್ಷಣ ನೋಡಿ ಅಡುಗೆಮನೆಗೆ ಹೋದಳು. ನಾನೂ ಹೋದೆ.

"ಯಮುನಕ್ಕ, ನಿನ್ನೆ ರಜನಿಗೆ ಉಡಿ ತುಂಬಿದ್ರಂತೆ?"

"ಹೂಂ. ಪರೀಕ್ಷೆಗೆ ಹೋಗೋ ಹೆಣ್ಮಗಳು. ಮಗಳಿದ್ದಂಗೆ. ನಂಗಂತೂ ಹೆಣ್ಣುಮಕ್ಕಳಿಲ್ಲ."

"ಸೀರೆ ಉಟ್ಟಿದ್ಲಾ?"

"ಚೂಡಿದಾರ. ಸ್ಕೂಟಿ ಮೇಲೆ ಬರೋಳಲ್ವಾ?"

"ಸೆರಗಿಲ್ದೆ ಉಡಿ ಯಾವುದರಲ್ಲಿ ತುಂಬಿದ್ರಿ?"

"ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಕೊಟ್ಟೆ. ದೇವರ ಮುಂದೆ ಇಡು, ನಾಳೆ ಸಾಯಂಕಾಲ ದೀಪ ಹಚ್ಚಿ ಬಿಚ್ಚು ಅಂದೆ."

"ಚೀಲ ತುಂಬೋವಾಗ ಅವಳಿದ್ಲಾ?"

"ಹಿತ್ತಲಲ್ಲಿ ಕೈಕಾಲು ಮುಖ ತೊಳೀತಿದ್ಲು... ಅದೆಲ್ಲಾ ಯಾಕೆ ವನಜಾ?"

"ಸುಮ್ನೆ ಕೇಳಿದೆ."

ನನಗೆ ರೇಗಿತು. ಕಳ್ಳತನವಾಗಿದೆ, ಇವಳು ಉಡಿ ಸೆರಗು ಅಂತ ಕೂತಿದ್ದಾಳೆ! ಹೆಂಗಸರ ತನಿಖೆಯೇ ಇಷ್ಟು ಎಂದುಕೊಂಡು ಮುಂದಿನ ಕೋಣೆಗೆ ಬಂದೆ. ಅಷ್ಟರಲ್ಲಿ ಸಣ್ಣಬೀರಪ್ಪನ ಮಾತು ಕೇಳಿ ಮೇಷ್ಟ್ರು ರಜನಿಗೆ ಫೋನ್ ಮಾಡಿಬಿಟ್ಟಿದ್ದರು.

"ಪುಸ್ತಕ ಏನಾದ್ರೂ... ಮರೆತು... ನಿನ್ನ ಜೊತೆ ಬಂದಿದೆಯೇನಮ್ಮ?"

ಆ ಕಡೆಯಿಂದ ಫೋನ್ ಕಟ್ ಆಯಿತು. ಮೇಷ್ಟ್ರು ಫೋನನ್ನೇ ನೋಡುತ್ತ ಕೂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಯಮುನಮ್ಮನ ಮುಖ ಬಿಳಿಚಿಕೊಂಡಿತ್ತು.

"ರೀ, ಏನ್ ಮಾಡಿದ್ರಿ ನೀವು? ಆ ಹುಡುಗಿನ ಯಾಕೆ ಕೇಳಿದ್ರಿ?"

"ನಂಗೇನು ಕೇಳೋ ಆಸೆಯಾ? ಬೇರೆ ಯಾರನ್ನ ಕೇಳ್ಲಿ?"

ಹತ್ತಕ್ಕೆ ಸರಿಯಾಗಿ ಮಹಾಂತೇಶನ ಬೈಕು ಬಂದು ನಿಂತಿತು. ವಿಷಯ ತಿಳಿದು ಅವನು ಕುರ್ಚಿಯಲ್ಲಿ ಕುಸಿದ.

"ಕಳೀತಾ? ಅಲ್ಲ ಸಾರ್, ಪ್ರೆಸ್ಸಿನವ್ರಿಗೆ ಇವತ್ತ ಕೊಡ್ತೀನಿ ಅಂತ ಹೇಳೀನಿ!"

ನಾನು ಅವನನ್ನೂ ಬಿಡಲಿಲ್ಲ. "ನಿನ್ನೆ ನಾಲ್ಕೂವರೆಗೆ ಎಲ್ಲಿದ್ದೆ?"

"ಫೋನಿನಾಗಿದ್ದೆ, ಇವ್ರ ಜೋಡಿನ ಮಾತಾಡ್ಲಿಕ್ಕ್ ಹತ್ತಿದ್ದೆ!"

ಅದೂ ಸರಿಯೇ. ಸಣ್ಣಬೀರಪ್ಪನ ಕಡೆ ತಿರುಗಿದೆ. ಅವನು ಮೀಸೆ ಕುಣಿಸಿ, "ನಂಗೆ ಗೆಟ್ ಯಾಕೆ ಬೇಕು ಮಾರಾಯ? ನಂಗೆ ಬರೋ ಇಂಗ್ಲಿಷ್ ಅಟೆನ್‌ಷನ್, ಸ್ಟ್ಯಾಂಡ್ ಅಟ್ ಈಸ್," ಎಂದ. ನನ್ನ ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು. ಅದನ್ನು ಬರೆಯಲು ನನಗೂ ಕೈ ಬರಲಿಲ್ಲ.

ಹತ್ತೂವರೆಗೆ ಸ್ಕೂಟಿಯ ಸದ್ದು. ರಜನಿ ಬಂದಳು. ಕಣ್ಣು ಕೆಂಪಗಾಗಿತ್ತು. ಕೈಯಲ್ಲಿ ಒಂದು ಹಳದಿ ಬಟ್ಟೆಯ ಚೀಲ, ಬಾಯಿ ದಾರದಲ್ಲಿ ಕಟ್ಟಿದ್ದು. ಅದನ್ನು ತಂದು ಮೇಷ್ಟ್ರ ಜಗುಲಿಯ ಮೇಲಿಟ್ಟಳು.

"ಸಾರ್, ನನ್ನ ಮನೆ ಹುಡುಕಿ. ಟ್ರಂಕು ಬೇಕಾದ್ರೂ ತೆಗೆದು ನೋಡಿ. ನಾನು ಫೇಲಾದೋಳು ಹೌದು, ಕಳ್ಳಿ ಅಲ್ಲ." ಯಮುನಮ್ಮನ ಕಡೆ ತಿರುಗಿದಳು. "ಅಮ್ಮಾ, ನೀವು ಕೊಟ್ಟ ಉಡಿ ಹಂಗೇ ಇದೆ, ಬಿಚ್ಚಿಲ್ಲ. ಕಳ್ಳಿ ಅಂತ ಅನ್ನಿಸ್ಕೊಂಡ ಮನೆ ಉಡಿ ನಂಗೆ ಬೇಡ. ಬುಧವಾರ ಪರೀಕ್ಷೆಗೂ ಹೋಗಲ್ಲ."

"ಅಯ್ಯೋ!" ಯಮುನಮ್ಮ ಓಡಿಬಂದರು. "ಉಡಿ ವಾಪಸ್ ತರಬಾರದು ಕಣೇ! ತಗೋ, ಎತ್ಕೋ ಅದನ್ನ! ಇಲ್ಲಿ ಇಡಬೇಡ!"

ಮಹಾಂತೇಶನನ್ನು ಒಮ್ಮೆ, ಚೀಲವನ್ನು ಒಮ್ಮೆ ನೋಡಿದರು.

ಆಗ ವನಜ ದೇವರ ಕೋಣೆಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಆ ತೆಂಗಿನಕಾಯಿ ಇತ್ತು.

"ಇದೇನ್ರೀ?" ಎಂದು ನನ್ನನ್ನು ಕೇಳಿದಳು.

"ದೇವರಿಗೆ ಇಟ್ಟ ಕಾಯಿ. ಮಹಜರಿನಲ್ಲಿ ಬರ್ಕೊಂಡಿದೀನಿ."

"ಬರ್ಕೊಂಡ್ರಿ, ನೋಡಲಿಲ್ಲ. ಒಡೆಯೋ ಕಾಯಿಗೆ ಯಾರು ಹಿಂಗೆ ಸುತ್ತ ಅರಿಸಿನ ಬಳಿದು ಕುಂಕುಮ ಇಡ್ತಾರೆ? ಇದು ಉಡಿಗೆ ಅಂತ ತಯಾರು ಮಾಡಿದ ಕಾಯಿ. ನಿನ್ನೆ ರಜನಿ ಜೊತೆ ಬಂದಳಿಕೆಗೆ ಹೋಗಬೇಕಿತ್ತು. ಇಲ್ಲೇ ಯಾಕೆ ಉಳೀತು?"

"ಮರೆತಿರಬೇಕು," ಎಂದ ಸಣ್ಣಬೀರಪ್ಪ.

"ಯಮುನಕ್ಕ ಮರೀತಾರಾ? ಅಕ್ಕಿ ಒಂದು ಹಿಡಿ ಕಮ್ಮಿ ಹಾಕಿದ್ರೂ ಹಾಕಿಯಾರು. ಕಾಯಿ ಇಲ್ದೆ ಉಡಿ ತುಂಬೋ ಹೆಂಗಸು ಈ ಸೀಮೇಲಿ ಇಲ್ಲ. ಅರಿಸಿನ ಹಚ್ಚಿ, ತಟ್ಟೇಲಿ ಇಟ್ಟು, ಕೊನೇ ಗಳಿಗೇಲಿ ಬೇಡ ಅಂತ ಬಿಟ್ಟಿದಾರೆ. ಯಾಕೆ?"

ಅವಳು ಕಾಯಿಯನ್ನು ಚೀಲದ ಪಕ್ಕ ಇಟ್ಟಳು.

"ಮೇಷ್ಟ್ರೇ ಹೇಳಿಕೊಟ್ಟಿದಾರಲ್ಲ," ಎಂದಳು ವನಜ, "ಪಕ್ಕದಲ್ಲಿ ಯಾರಿದಾರೆ ನೋಡಿ ಅಂತ. ಈ ಕಾಯಿ ಚೀಲದೊಳಗೆ ಹೋಗಿದ್ರೆ ಇದರ ಪಕ್ಕ ಏನಿರ್ತಿತ್ತು? ಇಲ್ಲಿಂದ ಬಂದಳಿಕೆಗೆ ಸ್ಕೂಟಿ ಮೇಲೆ ಎಗರಿಕೊಂಡು ಹೋಗೋ ದಾರಿ. ಕಾಯಿ ಬಿರುಕು ಬಿಟ್ರೆ ನೀರು ಸುರಿಯುತ್ತೆ. ಅಕ್ಕಿ ನೆಂದ್ರೆ ಒಣಗಿಸಬಹುದು, ರವಿಕೆ ಕಣ ನೆಂದ್ರೆ ಹಿಂಡಬಹುದು. ನೆನೀಬಾರದ್ದು ಏನೋ ಒಂದು ಚೀಲದಲ್ಲಿ ಇತ್ತು. ಒಂದು ಹನಿ ಬಿದ್ರೂ ಹರಡೋ ಅಂಥದ್ದು. ಅದನ್ನ ಹಿಂದೆ ಒಂದು ಸಲ ಒಲೆ ಮುಂದೆ ಕೂತು ಒಣಗಿಸಿದೋರಿಗೆ ಮಾತ್ರ ಆ ಭಯ ಇರೋದು."

ಮೇಷ್ಟ್ರು ಎದ್ದು ನಿಂತರು. "ಯಮುನಾ?"

"ರಜನಿ, ನೀನೇ ಬಿಚ್ಚು," ಎಂದಳು ವನಜ.

ರಜನಿ ಗಂಟು ಬಿಚ್ಚಿದಳು. ಅಕ್ಕಿ, ಅಡಿಕೆ, ಅರಿಸಿನದ ಕೊಂಬು. ಅದರಡಿ ಹಸಿರು ರವಿಕೆ ಕಣದಲ್ಲಿ ನೀಟಾಗಿ ಸುತ್ತಿದ ಒಂದು ಪೊಟ್ಟಣ. ಕಣ ಬಿಡಿಸಿದರೆ ಕೆಂಪು ರಟ್ಟು! ಗೆಟ್ ಪುಸ್ತಕ ನನ್ನ ಕಣ್ಣೆದುರಿಗೇ, ಜಗುಲಿಯ ಮೇಲೇ ಇತ್ತು. ನನ್ನ ಟೇಪು ಅಲ್ಲಿಗೆ ಮುಟ್ಟಿರಲಿಲ್ಲ.

"ನಾನೇ ಇಟ್ಟಿದ್ದು," ಎಂದರು ಯಮುನಮ್ಮ. ದನಿ ಈಗ ಗಟ್ಟಿಯಾಗಿತ್ತು. "ಕದ್ದೆ ಅಂದ್ರೂ ಸೈ. ಇವ್ರಿಗೆ ಇಲ್ಲ ಅನ್ನೋಕೆ ಬರಲ್ಲ. ಮಹಾಂತೇಶ ಬಂದು ಹೋಗ್ಲಿ, ಕಳೆದೋಯ್ತು ಅಂದ್ಕೊಳ್ಳಿ, ಇವತ್ತು ಸಾಯಂಕಾಲ ಇವಳು ಬಿಚ್ಚಿ ನೋಡಿ ಒಂದ್ಸಲ ಓದ್ಕೊಳ್ಳಲಿ ಅಂತಿದ್ದೆ. ಇವಳ ತಲೆ ಮೇಲೆ ಬರುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಬಂದ ಮೇಲೆ ಬಾಯಿ ಬಿಡೋಕೆ ಭಯ ಆಯ್ತು. ಅದು ನನ್ನ ತಪ್ಪು. ರಜನಿ, ನಂಗೆ ಬೈಯಿ ಬೇಕಾದ್ರೆ."

"ಆದ್ರೆ ಅದು ನನ್ನ ಪುಸ್ತಕ ಕಣೇ," ಎಂದರು ಮೇಷ್ಟ್ರು. ಸಿಟ್ಟಿಗಿಂತ ಬೆರಗೇ ಹೆಚ್ಚಾಗಿತ್ತು.

"ನಿಮ್ಮದಾ? ಬಲಗಡೆ ಬರೆದಿದ್ದು ಓದ್ರಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದು ಪುಟ ತೆಗೆದರು. ಓದಿದರು: "ಮೋಡ ಆಗಿದೆ, ನೆನೀಬೇಡಿ, ಕೊಡೆ ತಗೊಂಡು ಹೋಗಿ." ಇನ್ನೊಂದು ಪುಟ: "ಹಂಚು ಕೈಯಾಡಿಸಬೇಕು, ಆಳು ಕರೆಸಿ." ಮತ್ತೊಂದು: "ಮಾತಾಡಿದ್ದು ಸಾಕು, ಏಳಿ ಊಟಕ್ಕೆ."

"ಯಾರ ಮಾತು ಅವೆಲ್ಲ?" ಎಂದರು ಯಮುನಮ್ಮ. "ನಾನು ಏನಾದ್ರೂ ಅಂದ್ರೆ ಸಾಕು, 'ತಡಿ ತಡಿ, ಇನ್ನೊಂದ್ಸಲ ಹೇಳು' ಅಂತ ಬರ್ಕೋತಿದ್ರಲ್ಲ? ನಲವತ್ತು ವರ್ಷ ನಾನು ಹೇಳಿದೀನಿ, ನೀವು ಅದನ್ನ ಇಂಗ್ಲಿಷ್ ಮಾಡಿದೀರಿ. ಅರ್ಧ ನಂದು. ನನ್ನ ಅರ್ಧ ನನ್ನ ಮಗಳಿಗೆ ಕೊಟ್ಟೆ."

ಮೇಷ್ಟ್ರು ಹಾಳೆ ತಿರುಗಿಸುತ್ತಲೇ ಇದ್ದರು. ಒಂದೊಂದು ಪುಟದಲ್ಲೂ ಯಮುನಮ್ಮನ ಮಾತೇ. ಅಷ್ಟು ದೊಡ್ಡ ವಿಷಯ ಅವರ ಕಣ್ಣಿಗೇ ಬಿದ್ದಿರಲಿಲ್ಲ. ಕೊನೆಗೆ ಮಹಾಂತೇಶನ ಕಡೆ ನೋಡಿದರು. ಕೊಟ್ಟ ಮಾತು ಇನ್ನೂ ಅಲ್ಲೇ ಕೂತಿತ್ತು.

ಮಹಾಂತೇಶ ಎದ್ದು ಕೈಮುಗಿದ. "ನನ್ನ ಮುಖ ಯಾಕ ನೋಡ್ತೀರಿ ಸಾರ್? ಉಡಿಯಾಗ ಹೋಗಿದ್ದನ್ನ ನಾ ಹೆಂಗ ಕೇಳ್ಲಿ? ನನಗೂ ಅಕ್ಕ-ತಂಗೇರು ಅದಾರ. ತವರಿನ ಉಡಿ ಕಸ್ಕೊಂಡು ಬಂದೆ ಅಂತ ಗೊತ್ತಾದ್ರೆ ನಮ್ಮವ್ವ ನನ್ನ ಮನಿಯೊಳಗ ಬಿಟ್ಕೊಳ್ಳಂಗಿಲ್ಲ."

ನಾನು ಯಮುನಮ್ಮನನ್ನು ನೋಡಿದೆ. ಈ ಲೆಕ್ಕ ಅವರು ಮೊದಲೇ ಹಾಕಿದ್ದರು. ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಮೇಷ್ಟ್ರು ಕೀಲಿ ಕೇಳುತ್ತಿದ್ದರು. ಉಡಿಗೆ ಹಾಕಿದ್ದನ್ನು ಕೇಳುವವರು ಶಿಕಾರಿಪುರದಲ್ಲೂ ಇಲ್ಲ, ಸೊರಬದಲ್ಲೂ ಇಲ್ಲ.

ಮೇಷ್ಟ್ರು ರಜನಿಯ ಮುಂದೆ ಬಂದು ನಿಂತರು. "ತಪ್ಪಾಯ್ತಮ್ಮ. ವರ್ಷ ಪೂರ್ತಿ ನಿನ್ನ ನೋಡಿದೀನಿ, ಆದ್ರೂ ಕೇಳ್ಬಾರದ್ದು ಕೇಳಿದೆ. ಪರೀಕ್ಷೆಗೆ ಹೋಗ್ತೀಯಲ್ಲ?"

ರಜನಿ ದುಪಟ್ಟದಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ನಲವತ್ತು ಪುಟ ಇದೆ ಸಾರ್. ಈಗ್ಲೇ ಹೊರಟ್ರೆ ಮುಗಿಯುತ್ತೆ." ಆಮೇಲೆ ಮಹಾಂತೇಶನಿಗೆ ಹೇಳಿದಳು: "ಅಣ್ಣಾ, ನಿಮ್ಮ ಹುಡುಗರಿಗೂ ಬೇಕಲ್ಲ? ಪರೀಕ್ಷೆ ಮುಗೀಲಿ, ನಾನೇ ನಕಲು ಮಾಡಿ ಕೊಡ್ತೀನಿ. ಮೇಲೆ ಸಾರ್ ಹೆಸರು, ಅಮ್ಮನ ಹೆಸರು ಎರಡೂ ಇರಬೇಕು. ಫೋಟೋ ಬೇಡ."

"ಆಯ್ತ್ ಬಿಡವ್ವಾ," ಎಂದು ಅವನೂ ನಕ್ಕ. ಸಣ್ಣಬೀರಪ್ಪ ಪೇಪರು ಓದುವ ನೆಪದಲ್ಲಿ ಮುಖ ಮುಚ್ಚಿಕೊಂಡಿದ್ದ. ರಜನಿ ಹೊರಟಾಗ ಮಾತ್ರ ಎದ್ದು ಹೋಗಿ, ಯಾರೂ ಹೇಳದಿದ್ದರೂ ಅವಳ ಸ್ಕೂಟಿ ತಿರುಗಿಸಿ ನಿಲ್ಲಿಸಿಕೊಟ್ಟ.

ಯಮುನಮ್ಮ ಉಡಿ ಚೀಲವನ್ನು ಮತ್ತೆ ಕಟ್ಟಿಕೊಟ್ಟರು. ತೆಂಗಿನಕಾಯಿಯನ್ನು ಬೇರೆ ಕವರಿನಲ್ಲಿ ಹಾಕಿ ಸ್ಕೂಟಿಯ ಕೊಕ್ಕೆಗೆ ತಾವೇ ಸಿಕ್ಕಿಸಿದರು. "ಪುಸ್ತಕದ ಹತ್ರ ಇದನ್ನ ಇಡಬೇಡ," ಎಂದು ಮೂರು ಸಲ ಹೇಳಿದರು.

ಮನೆಗೆ ಬರುತ್ತಾ ವನಜ ನನ್ನ ಟೇಪನ್ನು ಇಸಿದುಕೊಂಡಳು. "ಕೊಡಿ ಇಲ್ಲಿ. ರವಿಕೆ ಅಳೆಯೋಕಾದ್ರೂ ಆಗುತ್ತೆ." ನಾನು ಸುಮ್ಮನೆ ಕೊಟ್ಟೆ.

ಫಲಿತಾಂಶ ಬಂದ ದಿನ ರಜನಿ ಪೇಡೆಯ ಡಬ್ಬಿ ಹಿಡಿದು ಬಂದಳು. ಇಂಗ್ಲಿಷಿನಲ್ಲಿ ಅರವತ್ತೊಂದು! ಮೇಷ್ಟ್ರು ಆ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವಳು ಕೆಂಪು ಪುಸ್ತಕ ತೆರೆದು, ಖಾಲಿಯಿದ್ದ ನೂರ ಮೂವತ್ತೇಳನೆಯ ಪುಟ ತೆಗೆದು, ಪೆನ್ನು ಹಿಡಿದು ಕೂತಳು.

"ಅಮ್ಮಾ, ಏನಾದ್ರೂ ಹೇಳಿ."

"ನಾನೇನ್ ಹೇಳ್ಲೇ?" ಯಮುನಮ್ಮನ ಕಣ್ಣು ತುಂಬಿತ್ತು. "ಪಾಸಾದ್ಯಲ್ಲೇ ಹುಡುಗಿ, ನಂಗೆ ಗೊತ್ತಿತ್ತು!"

ರಜನಿ ಅದನ್ನು ಬಲಕ್ಕೆ ಬರೆದಳು. ಆಮೇಲೆ ಯಾರನ್ನೂ ಕೇಳದೆ ಎಡಕ್ಕೆ ಬರೆದಳು: ಯೂ ಗಾಟ್ ಥ್ರೂ, ಮೈ ಗರ್ಲ್, ಐ ನ್ಯೂ ಇಟ್.

ಮೇಷ್ಟ್ರು ಕೆಂಪು ಪೆನ್ನು ಹಿಡಿದು ಬಗ್ಗಿ ನೋಡಿದರು. ಎರಡು ಸಲ ಓದಿದರು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ಒಂದು ಪೇಡೆ ತೆಗೆದುಕೊಂಡರು.